ಹನ್ನೆರಡು ದಿನದ ಮೌನ

“ನನ್ನ ಡಾಕ್ಟರ್ ಹತ್ರ ನೀವು ಯಾಕ ಹೋಗಿದ್ರಿ?”

ಹುಮನಾಬಾದಿನ ಮೋಟರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ನಿಂತು ಸುಜಾತಾ ಕೇಳಿದ ರಭಸಕ್ಕೆ, ಸಂಘಪಾಲನ ಕೈಯಲ್ಲಿದ್ದ ತಾಮ್ರದ ತಂತಿ ಜಾರಿಬಿತ್ತು. ಬಸವಕಲ್ಯಾಣದಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ದಾರಿಯುದ್ದಕ್ಕೂ ಕುದಿಯುತ್ತಲೇ ಬಂದಿದ್ದಳು.

“ಸುಜಾತಾ... ಒಳಗ ಬಾ. ಮೊದ್ಲ ಕೂಡು.”

“ಕೂಡಂಗಿಲ್ಲ! ಕೇಳಾಕತ್ತೇನಿ, ಹೇಳ್ರಿ!”

ಎಂಟು ತಿಂಗಳ ಹಿಂದೆ, ಅವಳು ಪಾಠ ಮಾಡುವ ಶಾಲೆಯ ಬೋರ್‌ವೆಲ್ ಮೋಟರ್ ಸುಟ್ಟಾಗ ರಿಪೇರಿಗೆ ಬಂದವನು ಅವನು. ಎರಡು ದಿನ ತಡಮಾಡಿದ್ದಕ್ಕೆ ಅವಳು ಮಕ್ಕಳೆದುರೇ ಬೈದಿದ್ದಳು. ಬೈಸಿಕೊಂಡವನು ಮರುವಾರ ಮತ್ತೆ ಬಂದ... ಮೋಟರ್ ನೋಡುವ ನೆಪದಲ್ಲಿ!

ಅವನು ಮದುವೆಯ ಮಾತೆತ್ತಿದಾಗ ಅವಳು ಏನನ್ನೂ ಮುಚ್ಚಿಡಲಿಲ್ಲ. ಕರುಳಿನಲ್ಲಿ ಹುಟ್ಟಿದ ಕ್ಯಾನ್ಸರ್ ಲಿವರ್‌ಗೂ ಹರಡಿದೆ. ತೀರ ನಿಧಾನವಾಗಿ ಬೆಳೆಯುವಂಥದ್ದು, ಆದರೆ ಪೂರ್ತಿ ಹೋಗುವುದಿಲ್ಲ. ಹೈದರಾಬಾದಿನಲ್ಲಿ ತಿಂಗಳಿಗೊಂದು ಇಂಜೆಕ್ಷನ್, ಆರು ತಿಂಗಳಿಗೊಮ್ಮೆ ಸ್ಕ್ಯಾನ್.

ಅಂದಿನಿಂದ ಹನ್ನೆರಡು ದಿನ ಅವನ ಫೋನಿಲ್ಲ. ನಿನ್ನೆ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರೇ ಹೇಳಿದ್ದರು, ಅವನು ಬಂದಿದ್ದನೆಂದು.

“ನಾ ಇನ್ನ ಎಷ್ಟು ವರ್ಷ ಬದುಕ್ತೀನಿ ಅಂತ ಕೇಳಾಕ ಹೋಗಿದ್ರಲ್ಲ?”

ಇಲ್ಲ ಅನ್ನಲಿ... ಒಂದೇ ಒಂದು ಸಲ ಇಲ್ಲ ಅನ್ನಲಿ!

“ಹೌದು,” ಅಂದ ಅವನು ತಲೆ ತಗ್ಗಿಸಿ. “ಡಾಕ್ಟರ್ ಏನೂ ಹೇಳ್ಲಿಲ್ಲ. ‘ಸುಜಾತಾ ಅವರನ್ನೇ ಕೇಳ್ರಿ’ ಅಂದು ಹೊರಗ ಕಳಿಸಿದ್ರು.”

“ಛಲೋ ಮಾಡಿದ್ರು! ಒಬ್ಬರು ‘ಇಷ್ಟು ಗಟ್ಟಿ ಅದಿ, ನಿನಗೆಲ್ಲಿ ಕ್ಯಾನ್ಸರ್’ ಅಂತಾರ. ಇನ್ನೊಬ್ಬರು ನಾ ಸತ್ತೇ ಹೋಗೀನಿ ಅನ್ನೋ ಹಂಗ ನೋಡ್ತಾರ. ನೀವು ಬ್ಯಾರೆ ಅಂತ ತಿಳ್ಕೊಂಡಿದ್ದೆ. ಒಂದು ಫೋನ್ ಮಾಡಾಕ ಆಗ್ಲಿಲ್ಲೇನ್ರಿ?”

“ಹೆದರಿದ್ದೆ.”

“ನಾ ಹೆದರಂಗಿಲ್ಲೇನು? ಸ್ಕ್ಯಾನ್ ಹತ್ರ ಬಂತಂದ್ರ ನನಗ ಊಟ ಸೇರಂಗಿಲ್ಲ. ಹಂಗೇ ಹೋಗಿ ಹತ್ತನೇ ಕ್ಲಾಸಿಗಿ ಪಾಠ ಮಾಡ್ತೀನಿ!”

“ತಪ್ಪಾತು. ದಿನಾ ಫೋನ್ ಕೈಯಾಗ ಹಿಡೀತಿದ್ದೆ. ನೀ ಹೋದ್ರ ನಾ ಹ್ಯಾಂಗ ಇರ್ಲಿ... ಅದೊಂದೇ ಮಾತು ಬಾಯಿಗಿ ಬರ್ತಿತ್ತು. ಅದನ್ನ ನಿನಗ ಹ್ಯಾಂಗ ಹೇಳ್ಲಿ?”

ಸುಜಾತಾ ಹೊಸ್ತಿಲು ದಾಟಿ ಒಳಗೆ ಬಂದಳು.

“ಅದನ್ನೇ ಹೇಳ್ಬೇಕಿತ್ತು,” ಅಂದಳು. “ಎಷ್ಟು ವರ್ಷ ಅಂತ ನನಗೂ ಗೊತ್ತಿಲ್ಲ. ಐದಿರಬಹುದು, ಇಪ್ಪತ್ತಿರಬಹುದು. ಇದಕ್ಕ ಒಪ್ಪಿಗಿ ಇಲ್ಲಂದ್ರ ಈಗೇ ಹೇಳ್ರಿ. ನಾ ಬಸ್ ಹಿಡೀತೀನಿ.”

“ಮುಂದಿನ ಸ್ಕ್ಯಾನ್ ಯಾವಾಗ?”

“ಹದಿನೇಳಕ್ಕ.”

“ನಾನೂ ಬರ್ತೀನಿ.”

“ಯಾಕ? ಮತ್ತ ಡಾಕ್ಟರನ್ನ ಕೇಳಾಕ?”

“ಇಲ್ಲ. ಹೊರಗ ಕೂತು... ನಿನ್ನ ಸಂಗಾಟ ಹೆದರಾಕ.”

ಅಳಬಾರದೆಂದುಕೊಂಡಿದ್ದಳು. ಅತ್ತಳು. ಅತ್ತಿದ್ದಕ್ಕೂ ಸಿಟ್ಟು ಬಂತು. ಅವನು ಮುಂದೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. “ಕೈ ಹೊಲಸಾಗ್ಯಾವ...”

“ಇರ್ಲಿ,” ಎಂದು ಅವಳೇ ಹಿಡಿದುಕೊಂಡಳು. “ಸಿಟ್ಟು ಇನ್ನೂ ಹೋಗಿಲ್ಲ ನನಗ.”

“ಬೈಕೋತ ಇರು... ನಾ ಎಲ್ಲೂ ಹೋಗಂಗಿಲ್ಲ.”