ಸೋಫಾ ಅಂಗಡಿಯ ಹಿಂಬಾಗಿಲು

ಪ್ರಮಾಣಪತ್ರವನ್ನು ಬಾಗಿಲಪ್ಪನ ಕೈಯಿಂದಲೇ ಕೊಡಿಸಬೇಕೆಂದು ಅಗ್ನಿಶಾಮಕ ಇಲಾಖೆಯ ಸಾಹೇಬರು ಹಟ ಹಿಡಿದರು. ಹೊಸ ಸೋಫಾ ಅಂಗಡಿಯ ರಿಬ್ಬನ್ ಕತ್ತರಿಸಿಯಾಗಿತ್ತು, ಬಂದವರಿಗೆ ಜ್ಯೂಸ್ ಹಂಚಿಯಾಗಿತ್ತು. ಈ ಕಟ್ಟಡಕ್ಕೆ ಬೆಂಕಿಯ ಭಯವಿಲ್ಲ ಎಂದು ಇಲಾಖೆ ಬರೆದುಕೊಟ್ಟ ಪತ್ರಕ್ಕೆ ಯಜಮಾನ ಆಗಲೇ ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿದ್ದ. ಅವನು ನಗುತ್ತ ಎರಡೂ ಕೈ ಚಾಚಿದ, ಬಾಗಿಲಪ್ಪ ಕೊಟ್ಟ, ಯಾರೋ ಫೋಟೋ ತೆಗೆದರು. ಫೋಟೋದಲ್ಲಿ ಬಾಗಿಲಪ್ಪನೂ ನಕ್ಕಿದ್ದಾನೆ. ಯಾವಾಗ ನಕ್ಕೆ ಎಂಬುದು ಅವನಿಗೇ ನೆನಪಿಲ್ಲ.

ಬಾಗಿಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಗ್ನಿಶಾಮಕ ಇಲಾಖೆಯಲ್ಲಿ ಕಟ್ಟಡಗಳ ತಪಾಸಣೆ ಅವನ ಕೆಲಸ. ಎಲ್ಲಿಗೆ ಹೋದರೂ ಕೂರುವ ಮೊದಲು ತುರ್ತು ಬಾಗಿಲು ಯಾವ ಕಡೆ ಎಂದು ಕೇಳುತ್ತಿದ್ದದ್ದರಿಂದ ಕಚೇರಿಯವರು ಹಾಗೆ ಕರೆದರು, ಅದೇ ನಿಂತಿತು. ಬಾಗಿಲಿಗೆ ಅಡ್ಡವಾಗಿ ಏನಾದರೂ ಕಂಡರೆ ಅವನಿಗೆ ಅಂಗಿಯೊಳಗೆ ಇರುವೆ ಹೊಕ್ಕ ಹಾಗಾಗುತ್ತಿತ್ತು. ಆಳು ಬರುವವರೆಗೂ ಕಾಯದೆ ತಾನೇ ಎತ್ತಿ ಪಕ್ಕಕ್ಕಿಡುತ್ತಿದ್ದ. ಆಮೇಲೆ ಜೇಬಿನಿಂದ ಹಳದಿ ಬಳಪ ತೆಗೆದು, ಬಾಗಿಲು ತೆರೆದುಕೊಳ್ಳುವಷ್ಟು ಜಾಗವನ್ನು ನೆಲದ ಮೇಲೆ ಕಮಾನಿನಂತೆ ಗುರುತು ಮಾಡಿ, ಇದರೊಳಗೆ ಕಡ್ಡಿಯೂ ಬರಕೂಡದು ಎನ್ನುತ್ತಿದ್ದ. ಮೊದಲು ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದ. ನೆಲ ಒರೆಸುವವರು ಅಳಿಸಿಬಿಡುತ್ತಾರೆಂದು ಮರಗೆಲಸದವರು ಬಳಸುವ, ನೀರಿಗೆ ಹೋಗದ ಬಳಪಕ್ಕೆ ಬಂದಿದ್ದ. ಆ ಗೆರೆ ನೋಡಿ ಅಂಗಡಿಯವರೆಲ್ಲ ಮೂಗು ಮುರಿಯುತ್ತಿದ್ದರು.

ಈಗ ಅದನ್ನೆಲ್ಲ ಬಿಟ್ಟಿದ್ದ. ಹೋದ ವರ್ಷ ಇದೇ ಯಜಮಾನನ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಹಿಂಬಾಗಿಲಿಗೆ ಬಟ್ಟೆಯ ಗಂಟುಗಳನ್ನು ಒತ್ತಿ ಇಟ್ಟಿದ್ದಾರೆ ಎಂದು ಬಾಗಿಲಪ್ಪ ಮತ್ತೆ ಮತ್ತೆ ಬರೆದಿದ್ದ, ಸಾಹೇಬರು ಪ್ರತಿ ಸಲವೂ ಅದನ್ನು ಕಡತದೊಳಗೆ ಮಲಗಿಸಿದ್ದರು. ಇಬ್ಬರು ಹೆಂಗಸರು ಆ ಗಂಟುಗಳ ಮೇಲೆಯೇ ಸತ್ತುಬಿದ್ದಿದ್ದರು. ಒಬ್ಬಳು ಗಂಟುಗಳ ಸಂದಿಯಲ್ಲಿ ಕೈ ತೂರಿಸಿ ಬಾಗಿಲ ಅಗುಳಿಯನ್ನು ಹಿಡಿದಿದ್ದಳು. ಆ ಕೈಯನ್ನು ಬಿಡಿಸಿದವನು ಬಾಗಿಲಪ್ಪನೇ. ಬಾಗಿಲಪ್ಪ ಬರೆದ ವರದಿಯನ್ನು ಸಾಹೇಬರು ತಿದ್ದಿಸಿದರು, ತನಿಖೆ ಮುಗಿಯುವ ಹೊತ್ತಿಗೆ ತಪ್ಪು ಸತ್ತವರ ತಲೆಗೇ ಬಂತು, ಕೆಲಸದ ನಡುವೆ ಚಹಾ ಕಾಯಿಸುತ್ತಿದ್ದರಂತೆ. ಬಾಗಿಲಪ್ಪನಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಊಟದ ರುಚಿ ಹೋಯಿತು, ಅಷ್ಟೇ. ಅಂದಿನಿಂದ ಹೇಳಿದ ಕಡೆ ಹೋಗುತ್ತಿದ್ದ, ಕೊಟ್ಟದ್ದನ್ನು ಓದದೆ ಸಹಿ ಹಾಕುತ್ತಿದ್ದ. ಜೇಬಿನಲ್ಲಿ ಹೊಸ ಬಳಪವೊಂದು ಚೂಪಾಗಿಯೇ ಉಳಿದಿತ್ತು. ಹೆಂಡತಿ ಅದನ್ನು ದಿನವೂ ಒಗೆಯುವ ಅಂಗಿಯಿಂದ ತೊಡುವ ಅಂಗಿಗೆ ದಾಟಿಸುತ್ತಿದ್ದಳು.

ಸೋಫಾ ಅಂಗಡಿಯನ್ನು ಸುಡಬೇಕೆಂಬ ಯೋಚನೆ ಬಂದಾಗಲೂ ಎದೆ ಹೊಡೆದುಕೊಳ್ಳಲಿಲ್ಲ. ನಾಳೆ ಛತ್ರಿ ಒಯ್ಯಬೇಕು ಎಂದು ನೆನಪಾದ ಹಾಗೆ ಬಂತು. ಅಂಗಡಿ ತೆರೆದು ಎರಡು ತಿಂಗಳಾಗಿತ್ತು. ಹೋದ ವಾರ ಮರುತಪಾಸಣೆಗೆಂದು ಕಿರಿಯ ಅಧಿಕಾರಿಣಿಯ ಜೊತೆ ಅಲ್ಲಿಗೆ ಹೋಗಿದ್ದ. ಅವಳು ಅವನ ಕೈಕೆಳಗೇ ಕೆಲಸ ಕಲಿತವಳು. ಹಿಂಬಾಗಿಲಿಗೆ ಹಾಸಿಗೆಗಳನ್ನು ಎದೆಮಟ್ಟ ಪೇರಿಸಿದ್ದನ್ನು ಅವಳು ತೋರಿಸಿದಳು. ಬರೆದುಕೊಂಡು ಏನು ಮಾಡುತ್ತೀಯಮ್ಮ ಎಂದು ಬಾಗಿಲಪ್ಪ ಮುಂದೆ ನಡೆದುಬಿಟ್ಟಿದ್ದ. ಅವಳು ತೆರೆದಿದ್ದ ಪುಸ್ತಕವನ್ನು ಮುಚ್ಚಿ ಹಿಂದೆ ಬಂದಿದ್ದಳು.

ಸಂಚು ಸರಳವಾಗಿತ್ತು. ಬೆಂಕಿ ಹೇಗೆ ಹತ್ತಿತು ಎಂದು ಹೇಳಬೇಕಾದವನು ಈ ಊರಿಗೆಲ್ಲ ಅವನೊಬ್ಬನೇ. ಕಳ್ಳನೂ ತಾನೇ, ಕಳ್ಳನನ್ನು ಹುಡುಕಬೇಕಾದವನೂ ತಾನೇ ಎಂದಮೇಲೆ ಸಿಕ್ಕಿಬೀಳುವ ಮಾತೆಲ್ಲಿ? ವಿದ್ಯುತ್ ತಂತಿಯ ದೋಷ ಎಂದು ಬರೆಯುವುದು, ಆ ತಂತಿಯನ್ನೂ ಎಲ್ಲರಿಗೂ ತೋರಿಸುವುದು. ಜೊತೆಗೆ ಹಿಂಬಾಗಿಲಿಗೆ ಒತ್ತಿದ ಹಾಸಿಗೆಗಳನ್ನು ಮೇಲಿನವರು, ಪತ್ರಿಕೆಯವರು, ಎಲ್ಲರೂ ನಿಂತು ನೋಡುವಂತೆ ಮಾಡುವುದು. ಬಾಗಿಲೇ ತೆರೆಯದ ಕಟ್ಟಡಕ್ಕೆ ಭಯವಿಲ್ಲ ಎಂದು ಸಹಿ ಹಾಕಿದವರು ಸಾಹೇಬರು. ಈ ಸಲ ಮಲಗಿಸಲು ಕಡತ ಇರುವುದಿಲ್ಲ, ಇಡೀ ಕಟ್ಟಡವೇ ಎದ್ದು ನಿಂತಿರುತ್ತದೆ. ಆದ್ದರಿಂದ ಆ ಹಾಸಿಗೆಗಳು ಇದ್ದಲ್ಲೇ ಇರಬೇಕು. ಅವೇ ಸಾಕ್ಷಿ. ಬೆಂಕಿ ಮಹಡಿಗೆ ಮಾತ್ರ, ಕೆಳಗೆ ಏನನ್ನೂ ಮುಟ್ಟಕೂಡದು ಎಂದು ತನಗೆ ತಾನೇ ಹೇಳಿಕೊಂಡ.

ಇನ್ನೊಂದು ಷರತ್ತೂ ಇತ್ತು. ಒಳಗೆ ಒಂದು ನರಪಿಳ್ಳೆಯೂ ಇರಕೂಡದು. ಅದಕ್ಕೇ ಅಂಗಡಿಯ ವಾರದ ರಜೆಯ ಮಧ್ಯಾಹ್ನವನ್ನು ಆರಿಸಿಕೊಂಡ. ರಜೆಯ ದಿನ ಕಾವಲುಗಾರ ಮುಂದಿನ ಷಟರ್‌ಗೆ ಹೊರಗಿನಿಂದ ಬೀಗ ಹಾಕಿ ಬೀದಿಯ ತುದಿಯ ಚಹಾ ಅಂಗಡಿಯಲ್ಲಿ ಹರಟೆಗೆ ಕೂರುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪಕ್ಕದಲ್ಲಿ ಅರ್ಧ ಕಟ್ಟಿ ನಿಂತ ಮನೆಯೊಂದಿತ್ತು. ಅದರ ಮೆಟ್ಟಿಲು ಹತ್ತಿ, ಮೋಟು ಗೋಡೆ ದಾಟಿ ಅಂಗಡಿಯ ತಾರಸಿಗೆ ಇಳಿದ. ತಾರಸಿಯ ಬಾಗಿಲ ಚಿಲಕ ಮುರಿದದ್ದನ್ನು ಹೋದ ವಾರವೇ ನೋಡಿಟ್ಟಿದ್ದ. ಕೈಗೆ ಗವಸು, ಬೂಟಿನ ಮೇಲೆ ಬಟ್ಟೆ. ಮಹಡಿಯಲ್ಲಿ ಸೋಫಾಗಳು, ಫೋಮಿನ ರಾಶಿ. ಮೊದಲು ಕೆಳಗಿಳಿದು ಎಲ್ಲ ಕಡೆ ನೋಡಿದ. ಶೌಚಾಲಯ ಖಾಲಿ, ಗಲ್ಲಾಪೆಟ್ಟಿಗೆಯ ಹಿಂದೆ ಯಾರೂ ಇಲ್ಲ. ಮಂಚಗಳನ್ನು ಮಾರಲು ಪರದೆ ಕಟ್ಟಿ ಮಾಡಿದ ಮಾದರಿ ಕೋಣೆಗಳಿಗೂ ಇಣುಕಿದ. ಯಾರೋ ಸುಖವಾಗಿ ಮಲಗಿದ್ದಾರೆ ಎನ್ನಿಸಲೆಂದು ಇಂಥ ಅಂಗಡಿಯವರು ಹೊದಿಕೆಯನ್ನು ಉಬ್ಬಿಸಿ ಇಟ್ಟಿರುತ್ತಾರೆ. ಕೊನೆಯ ಕೋಣೆಯ ಹೊದಿಕೆಯಂತೂ ಬಹಳ ಚೆನ್ನಾಗಿ ಉಬ್ಬಿತ್ತು. ಗಿರಾಕಿಗಳ ಕಣ್ಣಿಗೆ ಮಣ್ಣೆರಚುವುದರಲ್ಲಿ ಇವರು ಗಟ್ಟಿಗರು ಎಂದುಕೊಂಡು ಪರದೆ ಬಿಟ್ಟ.

ಹಿಂಬಾಗಿಲ ಮುಂದೆ ಬಂದ. ಹಾಸಿಗೆಗಳು ಇದ್ದಲ್ಲೇ ಇದ್ದವು. ನೋಡುತ್ತ ನಿಂತ. ಅಗುಳಿ ಹಿಡಿದ ಆ ಕೈ ನೆನಪಾಯಿತು, ಆದರೆ ಏನೂ ಅನ್ನಿಸಲಿಲ್ಲ. ಅನ್ನಿಸದಿರುವುದೇ ಒಳ್ಳೆಯದು ಎಂದುಕೊಂಡ. ಮತ್ತೆ ಮಹಡಿ ಹತ್ತುವಾಗ ಬೆನ್ನೆಲ್ಲ ಬೆವತಿತ್ತು, ಅಂದುಕೊಂಡದ್ದಕ್ಕಿಂತ ಹೊತ್ತೂ ಆಗಿತ್ತು. ಮುಚ್ಚಿದ ಅಂಗಡಿಯ ಸೆಕೆ.

ಮಹಡಿಯಲ್ಲಿ ಮಾಡಬೇಕಾದದ್ದನ್ನು ಮಾಡಿದ. ಹೇಗೆ ಮಾಡಿದ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಓದುವವರೆಲ್ಲ ಒಳ್ಳೆಯವರೇ ಆಗಿರಬೇಕೆಂದಿಲ್ಲ. ಹೊಗೆ ಕಿಟಕಿಗೆ ಬರುವ ಹೊತ್ತಿಗೆ ಅವನು ಊರಿನ ಇನ್ನೊಂದು ತುದಿಯಲ್ಲಿ ಕನ್ನಡಕದ ಅಂಗಡಿಯಲ್ಲಿ ಕುಳಿತು, ಗೋಡೆಯ ಮೇಲಿನ ಅಕ್ಷರಗಳನ್ನು ಒಂದು ಕಣ್ಣು ಮುಚ್ಚಿ ಓದುತ್ತಿದ್ದ. ಎಲ್ಲವನ್ನೂ ಸರಿಯಾಗಿ ಓದಿದ.

ಸಂಜೆ ಮನೆಗೆ ಬಂದಾಗ ಹೆಂಡತಿ ಹೊಸ್ತಿಲಲ್ಲೇ ರೇಗಿದಳು.

"ಮತ್ತೆ ನನ್ನ ಚಪ್ಪಲೀನ ಆ ಮೂಲೆಗೆ ತಳ್ಳಿದೀರಲ್ರೀ. ಬಾಗಿಲ ಹತ್ರ ಬಿಟ್ರೆ ನಿಮಗೇನಾಗುತ್ತೆ?"

"ನಾನೆಲ್ಲಿ ಮುಟ್ಟಿದೆ?"

"ನೀವಲ್ದೆ ಇನ್ಯಾರು? ಈಗ್ತಾನೆ, ಒಳಗೆ ಬರ್ತಾ."

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಭುಜ ನೋಯುತ್ತಿದೆ ಎಂದ. ಅವಳು ಗೊಣಗುತ್ತಲೇ ನೋವಿನ ಮುಲಾಮು ತಿಕ್ಕಿದಳು, ಅಷ್ಟು ಭಾರದ್ದು ಏನನ್ನು ಎತ್ತಿದಿರಿ ಎಂದು ಕೇಳಿದಳು. ಏನನ್ನೂ ಎತ್ತಿಲ್ಲ ಎಂದು ಹೇಳಿ, ಮೋಟು ಗೋಡೆ ಹತ್ತಿದ್ದರ ಫಲ ಎಂದು ಮನಸ್ಸಿನಲ್ಲೇ ಅಂದುಕೊಂಡ. ಅಷ್ಟರಲ್ಲಿ ಕಚೇರಿಯಿಂದ ಫೋನ್ ಬಂತು. ಮಹಡಿ ಪೂರ್ತಿ ಸುಟ್ಟಿದೆ, ಕೆಳಗೆ ಬರೀ ಹೊಗೆ ಮತ್ತು ನೀರು, ಯಾರಿಗೂ ಏನೂ ಆಗಿಲ್ಲ, ಬೆಳಿಗ್ಗೆ ಬಂದು ನೋಡಬೇಕು. ಯಾರಿಗೂ ಏನೂ ಆಗಿಲ್ಲ ಎಂಬುದನ್ನು ಬಾಗಿಲಪ್ಪ ಇನ್ನೊಮ್ಮೆ ಹೇಳಿಸಿಕೊಂಡ. ಆ ಸಂಜೆ ತುತ್ತಿಗೆ ಸ್ವಲ್ಪ ಉಪ್ಪಿನ ರುಚಿ ಹತ್ತಿದಂತಾಯಿತು.

ಬೆಳಿಗ್ಗೆ ಎಲ್ಲವೂ ಎಣಿಸಿದಂತೆಯೇ ಇತ್ತು. ಯಜಮಾನ ರಸ್ತೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಸಾಹೇಬರು ಹತ್ತಿರ ಬಂದು, ನೋಡಿ ಬರೀರಿ ಸ್ವಲ್ಪ, ಎಂದು ಬಾಗಿಲಪ್ಪನಿಗೆ ಮೊದಲ ಸಲ ಬಹುವಚನ ಹಚ್ಚಿದರು. ಅವನು ಮಹಡಿಗೆ ಹೋಗಿ ತಂತಿಯನ್ನು ಹುಡುಕುವ ಹಾಗೆ ಹುಡುಕಿ, ಸಿಕ್ಕಿತು ಎನ್ನುವ ಹಾಗೆ ಎತ್ತಿ ತೋರಿಸಿದ. ಇನ್ನು ಉಳಿದದ್ದು ಎಲ್ಲರನ್ನೂ ಹಿಂಬಾಗಿಲಿಗೆ ಕರೆದೊಯ್ಯುವುದು.

ಕೆಳಗೆ ಕಿರಿಯ ಅಧಿಕಾರಿಣಿ ಒಬ್ಬ ಹೆಂಗಸಿನ ಜೊತೆ ಮಾತಾಡುತ್ತಿದ್ದಳು. ಅಂಗಡಿಯ ನೆಲ ಒರೆಸುವವಳು. ಮನೆಯಲ್ಲಿ ಕಾಲು ಚಾಚಲೂ ಜಾಗವಿಲ್ಲವೆಂದು ರಜೆಯ ದಿನ ಕಾವಲುಗಾರನಿಗೆ ಹೇಳಿ ಒಳಗೆ ಬಂದು, ಕೊನೆಯ ಮಾದರಿ ಕೋಣೆಯ ಮಂಚದಲ್ಲಿ ಮುಸುಕು ಹಾಕಿ ಮಲಗುತ್ತಿದ್ದಳಂತೆ. ಸಂಜೆ ಅವನು ಬೀಗ ತೆಗೆಯುತ್ತಿದ್ದನಂತೆ. ನಿನ್ನೆ ಕೆಲಸ ಹೋದೀತೆಂದು ಹೆದರಿ ಓಡಿಹೋದವಳನ್ನು ಅವನೇ ಈಗ ಕರೆತಂದಿದ್ದ. ಬಾಗಿಲಪ್ಪ ಗೋಡೆ ಹಿಡಿದುಕೊಂಡ. ಆ ಉಬ್ಬಿದ ಹೊದಿಕೆ ಕಣ್ಣ ಮುಂದೆ ಬಂತು. ಒಂದು ವರ್ಷದಿಂದ ಕಲ್ಲಾಗಿದ್ದ ಎದೆ ಈಗ ಹೊಡೆದುಕೊಳ್ಳತೊಡಗಿತು. ಅವಳು ಬದುಕಿದ್ದಾಳೆ, ಇಲ್ಲೇ ನಿಂತು ಮೂಗೊರೆಸಿಕೊಳ್ಳುತ್ತಿದ್ದಾಳೆ ಎಂದು ತನಗೇ ಹೇಳಿಕೊಳ್ಳಬೇಕಾಯಿತು.

"ಹೊಗೆಗೆ ಎಚ್ಚರಾಯ್ತು," ಎಂದಳು ಅವಳು. "ಮುಂದೆ ಬೀಗ. ಹಿಂದೆ ಹಾಸಿಗೆ ಒಟ್ಟಿರ್ತಾರೆ, ಸತ್ತೆ ಅಂದ್ಕೊಂಡೇ ಹೋದೆ. ನೋಡಿದ್ರೆ ಹಾಸಿಗೆ ಎಲ್ಲ ಆಚೆ ಗೋಡೆಗೆ ಸರಿಸಿದ್ರು. ದಾರಿ ಸಲೀಸಾಗಿತ್ತು. ಯಾವ ಪುಣ್ಯಾತ್ಮನೋ, ಅವನ ಹೊಟ್ಟೆ ತಣ್ಣಗಿರ್ಲಿ."

ಯಜಮಾನ ತಾನು ಸರಿಸಿಲ್ಲ ಎಂದ, ಕಾವಲುಗಾರ ತಾನೂ ಅಲ್ಲ ಎಂದ. ಕಿರಿಯ ಅಧಿಕಾರಿಣಿ ಹಿಂಬಾಗಿಲ ಬಳಿ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ನೆಲದ ಮಸಿಯನ್ನು ಅಂಗೈಯಿಂದ ಒರೆಸಿದಳು. ಒರೆಸಿದಷ್ಟೂ ಹಳದಿ ಗೆರೆಯೊಂದು ಮೂಡುತ್ತ ಬಂತು, ಬಾಗಿಲ ಒಂದು ಅಂಚಿನಿಂದ ಇನ್ನೊಂದಕ್ಕೆ, ಎಲ್ಲೂ ನಡುಗದ ಕಮಾನು. ಅವಳು ತಲೆಯೆತ್ತಲಿಲ್ಲ. "ಹೋದ ವಾರ ನಾವಿಬ್ರೂ ಬಂದಾಗ ಈ ಜಾಗದ ಮೇಲೆ ಹಾಸಿಗೆ ಇತ್ತಲ್ವಾ ಸರ್?" ಎಂದಳು, ತುಂಬ ಮೆಲ್ಲಗೆ. ಇತ್ತು ಎಂದ ಬಾಗಿಲಪ್ಪ. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಬೆರಳಿಗೆ ಸಿಕ್ಕ ಬಳಪದ ತುದಿ ಮೊಂಡಾಗಿತ್ತು.