ಏಳು ನರ್ಸ್‌ಗಳ ಪ್ಯಾರಾ

2014ರ ಮಾರ್ಚ್ 3, ಸೋಮವಾರ, ಬೆಳಗ್ಗೆ 10 ಗಂಟೆ 20 ನಿಮಿಷ. ವಿದೇಶಾಂಗ ಕಚೇರಿಯಲ್ಲಿ ನೆರೆದೇಶದ ಮಾನವ ಹಕ್ಕುಗಳ ವರದಿ ಬರೆಯುವವಳ ಮೇಜಿನ ಮುಂದೆ ವಾಣಿಜ್ಯ ವಿಭಾಗದ ಅಧಿಕಾರಿ ಬಂದು ನಿಂತ. ಖಾರದ ಮಾತನ್ನೆಲ್ಲ ಮೆತ್ತಗೆ ಮಾಡುವವನೆಂದು ಕಚೇರಿ ಅವನಿಗಿಟ್ಟ ಹೆಸರು ಬೆಣ್ಣೆ ಸಾಹೇಬ.

“ಮೇಡಂ, ಸಂಬಳ ಕೇಳಿ ಜೈಲು ಸೇರಿದ ಏಳು ನರ್ಸ್‌ಗಳ ಪ್ಯಾರಾ... ತೆಗೀಬೇಕಂತೆ.”

“ಹೋದ ವರ್ಷ ಇದನ್ನೇ ಒಂದು ಪುಟಕ್ಕೆ ಎಳೀರಿ ಅಂದಿದ್ರಲ್ಲ ಸರ್?”

“ಆಗ ಅವರ ಜೊತೆ ಜಗಳ ಇತ್ತು. ಈಗ ಗ್ಯಾಸ್ ಕೊಡ್ತಿದ್ದಾರೆ.”

“ಗ್ಯಾಸ್ ಬಂದ್ರೆ ಜೈಲು ಕಣ್ಣಿಗೆ ಬೀಳಲ್ಲ, ಅಲ್ವಾ?”

ಅವನು ನಕ್ಕ. ಕೆನ್ನೆಯಲ್ಲಿ ಗುಳಿ ಬಿತ್ತು.

‘ಇಂಥವನಿಗೆ ಇಂಥ ನಗು ಯಾಕೆ ಕೊಟ್ಟೆ, ದೇವರೇ...’

ಬುಧವಾರ ಅವಳ ವರದಿಯ ಕರಡು ವಾಪಸ್ ಬಂತು. ಪ್ಯಾರಾ ಇರಲಿಲ್ಲ. ಮಗಳ ವಿಷಯ ವರದಿಯಲ್ಲಿ ಬಂದೇ ಬರುತ್ತದೆಂದು ಆ ನರ್ಸ್‌ಗಳಲ್ಲೊಬ್ಬಳ ತಾಯಿಗೆ ಅವಳು ಮಾತು ಕೊಟ್ಟಿದ್ದಳು.

“ಅಕ್ಕಾ, ಇನ್ನು ಅವನ ಮುಖ ನೋಡಲ್ಲ,” ಎಂದಳು ಫೋನಿನಲ್ಲಿ.

“ನೋಡು ಅಂದೋರು ಯಾರೇ? ದಿನಾ ಅವನ ಶರಟಿನ ಬಣ್ಣ ವರದಿ ಮಾಡ್ತಿರೋಳು ನೀನು.”

ಏಪ್ರಿಲ್‌ನಲ್ಲಿ ಎರಡು ಸುದ್ದಿ ಒಟ್ಟಿಗೇ ಬಂದವು. ಏಳೂ ನರ್ಸ್‌ಗಳ ಬಿಡುಗಡೆ. ಬೆಣ್ಣೆ ಸಾಹೇಬನಿಗೆ ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ವರ್ಗ.

ಅವಳು ಮೆಟ್ಟಿಲಿಳಿದು ಓಡಿದಳು. ಅವನು ಧೂಳಿಗೆ ಸೀನುತ್ತಿದ್ದ.

“ಏನು ಮಾಡಿದ್ರಿ ಸರ್?”

“ನಿಮ್ಮ ಪ್ಯಾರಾನ ಕಾರ್ಮಿಕರ ವರದಿಗೆ ಸೇರಿಸ್ದೆ. ಗ್ಯಾಸ್ ಒಪ್ಪಂದದ ಜೊತೆ ಅದೂ ಹೋಗುತ್ತೆ. ಮಂತ್ರಿಗಳು ಅದನ್ನ ಓದಲ್ಲ. ಆದ್ರೆ ಅದರಲ್ಲಿರೋದಕ್ಕೆಲ್ಲ ಉತ್ತರ ಕೊಡದೆ ನೆರೆಯವರು ಸಹಿ ಹಾಕೋ ಹಾಗಿಲ್ಲ. ಮಂತ್ರಿಗಳಿಗೆ ಗೊತ್ತಾಗಿದ್ದು ಕೊನೇ ದಿನ, ಆಗ ತೆಗೆಯೋಕೆ ಹೊತ್ತಿರಲಿಲ್ಲ. ನೆರೆಯವರಿಗೆ ಉತ್ತರ ಹುಡುಕೋದಕ್ಕಿಂತ ಜೈಲಿನ ಬೀಗ ತೆಗೆಯೋದೇ ಸುಲಭ ಅನ್ನಿಸ್ತೇನೋ.”

“ನನಗ್ಯಾಕೆ ಹೇಳಲಿಲ್ಲ?” ಅವಳ ಕಣ್ಣು ತುಂಬಿತ್ತು.

“ಹೇಳಿದ್ರೆ ನಿಮ್ಮನ್ನೂ ಇಲ್ಲಿಗೇ ಹಾಕ್ತಿದ್ರು.”

“ಹಾಕಿದ್ರೆ?”

“ಇಲ್ಲಿ... ಒಂದೇ ಕುರ್ಚಿ ಇದೆ.”

ಅವಳು ಹೊರಗೆ ಹೋಗಿ ಕಾವಲುಗಾರನ ಕುರ್ಚಿ ಎಳೆದು ತಂದಳು.

“ಮೇಡಂ, ನಿಮ್ಮ ವಿಷಯದಲ್ಲಿ ನನಗೆ ಸ್ವಲ್ಪ ಮಟ್ಟಿಗೆ, ಒಂದು ರೀತಿಯ...”

“ಇದ್ದದ್ದನ್ನ ಇದ್ದ ಹಾಗೆ ಹೇಳೋಕೆ ಬರಲ್ವಾ?”

“ನೀವಂದ್ರೆ ಇಷ್ಟ. ತುಂಬಾ.”

“ಸರಿ. ಸ್ವಲ್ಪ ಈಚೆ ಸರಿದು ಕೂತ್ಕೊಳ್ಳಿ.”

ಅವನು ಸರಿದ. ಎರಡು ಕುರ್ಚಿಗಳ ನಡುವೆ ಉಳಿದ ಅಂತರ ನಾಲ್ಕು ಸೆಂಟಿಮೀಟರ್.