ಕೂಗಿದ ಕಲ್ಲು

ನಾಲ್ಕನೇ ತಿಂಗಳ ಒಂಬತ್ತನೇ ದಿನ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ, ಅರಮನೆಯ ಪಶ್ಚಿಮ ದ್ವಾರದ ಕಾವಲು ಠಾಣೆಗೆ ದೂರು ಬಂತು. ತಂದವನು ಅಂತಃಪುರದ ಕಾರುಭಾರಿ, ಖೋಜಾ ಲುವಾನ್. ಅವನ ಟೋಪಿಯ ಮೇಲೆ, ಹುಬ್ಬಿನ ಮೇಲೆ ಬಿಳಿ ಅರಳೆ ಕೂತಿತ್ತು. ಬೀಜಿಂಗಿನಲ್ಲಿ ಅದು ವಿಲೋ ಮರಗಳು ಅರಳೆ ಬಿಡುವ ಕಾಲ. ಕೊಲೆಗಡುಕ ಅವಿತಾನೆಂಬ ಭಯಕ್ಕೆ ಅರಮನೆಯ ಹೊರ ಅಂಗಳದಲ್ಲಿ ಒಂದು ಮರವನ್ನೂ ಬಿಟ್ಟಿಲ್ಲ. ಆದರೆ ಅರಳೆ ಗೋಡೆಯ ಅಪ್ಪಣೆ ಕೇಳಿ ಬರುತ್ತದೆಯೇ?

"ಯಾರೋ ಕಲ್ಲು ಊದಿದಾರೆ," ಎಂದ ಲುವಾನ್.

ಠಾಣಾಧಿಕಾರಿ ಫುಶೆಂಗ್‌ಗೆ ಅದು ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಅಂಗಳದ ಕಟಕಟೆಯ ಕೆಲವು ಕಂಬಗಳ ತಲೆ ಕಮಲದ ಮೊಗ್ಗಿನಂತಿದೆ, ಒಳಗೆ ಟೊಳ್ಳು. ಅದರ ತೂತಿಗೆ ಗೇಣುದ್ದದ ತಾಮ್ರದ ಕೊಂಬು ಸಿಕ್ಕಿಸಿ ಊದಿದರೆ ಕಲ್ಲು ಕೂಗುತ್ತದೆ. ಕೂಗಿದರೆ ಶತ್ರು ಒಳಗೆ ಬಂದ ಎಂದು ಅರ್ಥ, ಬಾಗಿಲುಗಳೆಲ್ಲ ಮುಚ್ಚಬೇಕು. ಈಗಿರುವವರ ನೆನಪಿನಲ್ಲಿ ಅದು ಕೂಗಿದ್ದೇ ಇಲ್ಲ. ಕೂಗದ ಕಲ್ಲನ್ನು ಕಾಯುತ್ತ ಅಪ್ಪ ಸತ್ತ, ಮಗ ಅದೇ ಜಾಗದಲ್ಲಿ ನಿಂತ. ಅರಮನೆಯ ನೌಕರಿ ಎಂದರೆ ಇಷ್ಟೇ.

"ಶತ್ರು ಸಿಕ್ಕನಾ?"

"ಒಂದು ಬೆಕ್ಕು ಸಿಕ್ತು," ಲುವಾನ್ ಹಲ್ಲು ಕಡಿದ. "ಚಿಕ್ಕ ರಾಣಿಯವರ ಪಲ್ಲಕ್ಕಿ ಎರಡು ಬಾಗಿಲ ನಡುವೆ ಸಿಕ್ಕಾಕ್ಕೊಳ್ತು. ಹೊತ್ತೋರು ಇಳಿಸೋ ಹಂಗಿಲ್ಲ, ಅವ್ರು ಇಳಿಯೋ ಹಂಗಿಲ್ಲ. ಬಿಸಿಲಲ್ಲಿ ಅಷ್ಟೊತ್ತು! ನಾಳೆ ಸಂಜೆ ಬಾಗಿಲು ಹಾಕೋದ್ರೊಳಗೆ ಊದಿದೋನು ಬೇಕು. ಇಲ್ದಿದ್ರೆ ಈ ದ್ವಾರದ ಕಾವಲಿನೋರೆಲ್ಲ ಹೆಂಡ್ರು ಮಕ್ಳ ಸಮೇತ ಉತ್ತರದ ಗಡಿಗೆ. ನೀನೂ ಸೇರಿ, ಫುಶೆಂಗ್."

"ಊದಿದೋನಿಗೆ?"

"ತಲೆ ಉಳಿದ್ರೆ ಅವನ ಪುಣ್ಯ."

ದೂರು ದಾಖಲಾಯಿತು. ಪಲ್ಲಕ್ಕಿ ಹೊತ್ತವರ ಹೆಗಲು ಏನಾಯಿತೆಂದು ಯಾರೂ ದೂರು ಕೊಡಲಿಲ್ಲ.

ಫುಶೆಂಗ್ ತನ್ನ ಪೇದೆ ಬಾಯಾರ್‌ನನ್ನು ಕರೆದುಕೊಂಡು ಸ್ಥಳಕ್ಕೆ ಹೋದ. ಬಾಯಾರ್ ಮಂಗೋಲರವನು, ಬಾಯಿ ಸುಮ್ಮನಿರದು. ಕಸ ಗುಡಿಸುವ ಇಬ್ಬರನ್ನು ಪಂಚರಾಗಿ ನಿಲ್ಲಿಸಿದರು. ಅಂಗಳದ ತುಂಬ ಅರಳೆ ತೇಲುತ್ತಿತ್ತು. ನೆಲವೆಲ್ಲ ಬೆಳ್ಳಗೆ, ಹೆಜ್ಜೆಗೆ ಸದ್ದಿಲ್ಲ. ದೂರದ ಕೆಂಪು ಗೋಡೆಗಳು ಹಾಲಿನಲ್ಲಿ ನೆನೆದಂತೆ ಮಸುಕಾಗಿ, ಇದೆಲ್ಲ ಯಾರೋ ಮಲಗಿದಲ್ಲಿ ಕಾಣುತ್ತಿರುವ ಅರಮನೆಯೇನೋ ಎನ್ನಿಸುತ್ತಿತ್ತು.

"ಅಣ್ಣ, ಇಲ್ಲಿ ನೋಡು," ಎಂದ ಬಾಯಾರ್.

ಕಲ್ಲಿನ ಮೊಗ್ಗುಗಳ ತೂತುಗಳಲ್ಲೆಲ್ಲ ಅರಳೆ ಗಿಡಿದುಕೊಂಡಿತ್ತು, ಹಕ್ಕಿಗೂಡಿನ ಹಾಗೆ. ಪಶ್ಚಿಮದ ಮೂಲೆಯ ಒಂದೇ ಒಂದು ಖಾಲಿ. ಅದರ ಅರಳೆ ಎದುರಿನ ಮೆಟ್ಟಿಲ ಮೇಲೆ ಉಂಡೆಯಾಗಿ ಬಿದ್ದಿತ್ತು, ಯಾರೋ ಉಗಿದ ಹಾಗೆ.

"ಊದಿದ್ದು ಇದನ್ನೇ. ಬರ್ಕೋ. ಕೊಂಬುಗಳು?"

"ಪೆಟ್ಟಿಗೇಲೇ ಇವೆ. ಮುದ್ರೆ ಒಡೆದಿಲ್ಲ. ಬರೀ ಬಾಯಲ್ಲಿ ಊದಿದ್ನೇನೋ?"

ಫುಶೆಂಗ್ ಸ್ವಲ್ಪ ಹೊತ್ತು ತೂತನ್ನೇ ನೋಡಿದ. ಆಮೇಲೆ ತನ್ನ ಹೆಬ್ಬೆರಳಿನಿಂದ ಮೂಳೆಯ ಉಂಗುರ ತೆಗೆದ. ಬಿಲ್ಲಿನ ಹೆದೆ ಎಳೆಯುವಾಗ ಬೆರಳು ಸೀಳದಿರಲೆಂದು ಕಾವಲಿನವರೆಲ್ಲ ಹಾಕುವ ದಪ್ಪ ಉಂಗುರ ಅದು. ತೂತಿಗೆ ಒತ್ತಿದ. ಗಟ್ಟಿಯಾಗಿ ಕೂತಿತು, ಕೊಂಬಿನ ಬಾಯಿಯ ಹಾಗೆಯೇ.

"ಊದಿ ನೋಡ್ಲಾ?" ಬಾಯಾರ್ ನಕ್ಕ.

"ಊದು. ಗಡಿಗೆ ಮೊದ್ಲು ನೀನೇ ಹೋಗು."

ಹೊರಗಿನವನಲ್ಲ, ನಮ್ಮವನೇ. ಫುಶೆಂಗ್ ಉಂಗುರ ಕಿತ್ತು ಮತ್ತೆ ಬೆರಳಿಗೆ ಹಾಕಿಕೊಂಡ.

ಮರುದಿನ ಬೆಳಗ್ಗೆ, ಆ ಹೊತ್ತಿನಲ್ಲಿ ಅಂಗಳದ ಪಾಳಿಯಲ್ಲಿದ್ದ ಮೂವರನ್ನೂ ಠಾಣೆಯಲ್ಲಿ ಸಾಲಾಗಿ ಕೂರಿಸಿದರು. ತಾನು ಊದಿದೆ ಎಂದು ಒಬ್ಬನೂ ಹೇಳಲಿಲ್ಲ. ಒಬ್ಬರನ್ನೊಬ್ಬರು ನೋಡಿಲ್ಲ, ಬಿಸಿಲಿಗೆ ಎಲ್ಲರಿಗೂ ತೂಕಡಿಕೆ.

"ಕೂಗು ಹೆಂಗಿತ್ತು?" ಫುಶೆಂಗ್ ಕೇಳಿದ.

ಮೊದಲನೆಯವನು ಮೆರ್ಗೆನ್. "ಎಮ್ಮೆ ಕೆಸರಲ್ಲಿ ಸಿಕ್ಕಾಕ್ಕೊಂಡು ಕೂಗ್ದಂಗೆ, ಸ್ವಾಮಿ."

ಎರಡನೆಯವನು ಶುವಾಂಗ್. "ಕಾಳು ತೆಗ್ದ ಖಾಲಿ ಹಗೇವಿನೊಳಗೆ ನಮ್ಮತ್ತೆ ಅತ್ತಂಗೆ."

"ನಿಮ್ಮತ್ತೆ ಹಗೇವಿಗ್ಯಾಕೆ ಹೋದ್ಳು?" ಎಂದ ಬಾಯಾರ್.

"ಹೋಗ್ಲಿ ಅಂತ ಆಸೆ ಅಷ್ಟೆ."

ಮೂರನೆಯವನು ನದಾಂಜು. ಅವನ ಹೆಸರಿನ ಅರ್ಥ ಎಪ್ಪತ್ತು. ಅವನು ಹುಟ್ಟಿದಾಗ ತಾತನಿಗಿದ್ದ ವಯಸ್ಸು ಅದು. ಇವನಿಗಿನ್ನೂ ಅದರ ಅರ್ಧವೂ ಆಗಿಲ್ಲ. ಮಾತಾಡುವವರ ಮುಖವನ್ನು ಹಸಿದವನು ಅನ್ನ ನೋಡುವ ಹಾಗೆ ನೋಡುತ್ತಿದ್ದ.

"ಹಲ್ಲು ಜುಮ್ ಅಂತು, ಸ್ವಾಮಿ. ದವಡೆ ಒಳಗೆ ಜೇನುಹುಳ ಬಿಟ್ಟಂಗೆ."

"ಎಲ್ಲಿ ನಿಂತಿದ್ದೆ?"

"ಪೂರ್ವದ ಮೆಟ್ಟಿಲ ಹತ್ರ."

ಫುಶೆಂಗ್ ಉಳಿದಿಬ್ಬರ ಕಡೆ ತಿರುಗಿದ. "ನಿಮಗೆ ಹಲ್ಲು ಜುಮ್ ಅಂತಾ?"

"ಹಲ್ಯಾಕೆ, ಕಿವಿ ಗುಯ್ ಅಂತು," ಎಂದ ಮೆರ್ಗೆನ್.

ಫುಶೆಂಗ್ ಚಹಾದ ಬಟ್ಟಲು ಎತ್ತಿ ಬಾಯಿಗೆ ಅಡ್ಡ ಹಿಡಿದ. ಕುಡಿಯಲಿಲ್ಲ. ಬಟ್ಟಲ ಹಿಂದಿನಿಂದಲೇ, ಸಾಕಷ್ಟು ಗಟ್ಟಿಯಾಗಿ ಹೇಳಿದ: "ಸರಿ, ಮೂವರೂ ಮನೆಗೆ ಹೋಗಿ."

ಇಬ್ಬರು ತಟ್ಟನೆ ಎದ್ದರು. ಮೂರನೆಯವನು ಬಟ್ಟಲನ್ನೇ ನೋಡುತ್ತ ಕೂತಿದ್ದ. ಪಕ್ಕದವರು ಎದ್ದದ್ದು ಕಂಡ ಮೇಲೆ ಗಡಬಡಿಸಿ ಎದ್ದ. ಅಷ್ಟರಲ್ಲಿ ತಡವಾಗಿತ್ತು, ಅದು ಅವನಿಗೂ ಗೊತ್ತಾಯಿತು.

ಫುಶೆಂಗ್ ಬಟ್ಟಲು ಇಳಿಸಿದ. "ಎಷ್ಟು ದಿನದಿಂದ ಕೇಳ್ಸಲ್ಲ?"

ನದಾಂಜು ಮತ್ತೆ ಕೂತ. "ಜ್ವರ ಬಂದಿತ್ತಲ್ಲ ಸ್ವಾಮಿ, ಹೋದ ಸಲದ ಹಿಂದಿನ ಚಳೀಲಿ. ಆವಾಗಿಂದ."

"ಹೆಂಡ್ತಿಗೆ?"

"ಗೊತ್ತಿಲ್ಲ. ಬೈದ್ರೂ ನಗ್ತೀನಿ. ಒಳ್ಳೆ ಗಂಡ ಅಂದ್ಕೊಂಡಿದಾಳೆ."

ಬಾಯಾರ್‌ಗೂ ನಗು ಬರಲಿಲ್ಲ.

"ಯಾಕೆ ಊದ್ದೆ?"

"ಬರೋ ತಿಂಗ್ಳು ಪರೀಕ್ಷೆ ಅಂತ ಹುಕುಂ ಬಂತಲ್ಲ. ಗೋಡೆಗೆ ಮುಖ ಮಾಡಿ ನಿಂತ್ಕೊಂಡು, ಯಾವ ಕಲ್ಲು ಕೂಗ್ತು ಅಂತ ಹೇಳ್ಬೇಕು. ಹೇಳ್ದೇ ಇದ್ರೆ ಪಡಿ ಅಕ್ಕಿ ನಿಂತ್ಹೋಗುತ್ತೆ. ಜನರ ಮಾತು ಕೇಳ್ಸಲ್ಲ, ಸರಿ. ಆದ್ರೆ ಅದು ಕಲ್ಲು ಸ್ವಾಮಿ. ಒಂಬತ್ತು ಬಾಗಿಲಿಗೆ ಕೇಳ್ಸುತ್ತೆ ಅಂತ ನಮ್ಮಪ್ಪ ಹೇಳ್ತಿದ್ರು. ಅದಾದ್ರೂ ಕೇಳ್ಸುತ್ತೇನೋ ಅಂತ..." ಅವನು ಹೆಬ್ಬೆರಳಿನ ಉಂಗುರ ತಿರುಗಿಸಿದ. "ಎಲ್ರೂ ತೂಕಡಿಸ್ತಿದ್ರು. ಮೆಲ್ಲಗೆ ಊದ್ದೆ. ಹಲ್ಲು ಜುಮ್ ಅಂತು, ಅಷ್ಟೆ. ಕಲ್ಲು ಕೂಗಿಲ್ಲ ಅಂದ್ಕೊಂಡೆ. ಉಸಿರು ತುಂಬ್ಕೊಂಡು ಇನ್ನೊಂದ್ಸಲ ಊದ್ದೆ. ತಿರುಗಿ ನೋಡ್ತೀನಿ, ಎಲ್ರೂ ಓಡ್ತಿದಾರೆ. ಬಾಯಿ ತೆಗ್ದು ಓಡ್ತಿದಾರೆ. ಅರಳೆ ಬೀಳ್ತಾನೇ ಇದೆ. ದೊಡ್ಡ ಬಾಗಿಲು ಮುಚ್ಕೊಳ್ತು, ಹೂವು ಮುಚ್ಕೊಂಡಂಗೆ. ಒಂದು ಸದ್ದಿಲ್ಲ. ಆಗ ಗೊತ್ತಾಯ್ತು, ಕಲ್ಲು ಕೂಗಿದೆ ಅಂತ. ನಾನೂ ಓಡ್ದೆ."

"ನಿನ್ನೆನೇ ಬಂದು ಹೇಳ್ಬೇಕಿತ್ತು, ಮಾರಾಯ. ನಿನ್ನಿಂದ ಎಲ್ಲಾರ ಮನೆ ಮುಳುಗ್ತಿತ್ತು."

"ಕೇಳ್ಸಿದ್ದಿದ್ರೆ ಬರ್ತಿದ್ದೆ ಸ್ವಾಮಿ. ಖುಷೀಲಿ ಓಡೋಡಿ ಬರ್ತಿದ್ದೆ."

ಬಾಯಾರ್ ಫುಶೆಂಗ್‌ನನ್ನು ಬಾಗಿಲಾಚೆ ಎಳೆದ. "ಅಣ್ಣ, ಬೆಕ್ಕು ಊದ್ತು ಅಂತ ಬರೆಯೋಣ."

"ಬೆಕ್ಕಿಗೆ ಹೆಬ್ಬೆರಳುಂಗುರ ಯಾರು ಕೊಟ್ರು ಅಂತ ಲುವಾನ್ ಕೇಳ್ತಾನೆ. ಗಡಿಗೆ ನಿನ್ನ ಅವ್ವನ್ನೂ ಎತ್ಕೊಂಡು ಹೋಗ್ಬೇಕಾಗುತ್ತೆ, ಯೋಚ್ನೆ ಮಾಡು."

ಬಾಯಾರ್ ಯೋಚನೆ ಮಾಡಿದ. ಗೋಡೆಗೆ ಒದ್ದ. ಆಮೇಲೆ ಹೋಗಿ ಹಗ್ಗ ತಂದ.

ಹತ್ತನೇ ದಿನ, ಸಂಜೆ ಬಾಗಿಲು ಹಾಕುವ ಮೊದಲೇ, ನದಾಂಜುವನ್ನು ಬಂಧಿಸಿ ಉಂಗುರ ಜಪ್ತಿ ಮಾಡಲಾಯಿತು. ಪಂಚರು ಹೆಬ್ಬೆಟ್ಟು ಒತ್ತಿದರು. ಅಪರಾಧದ ಉದ್ದೇಶ ಎಂಬಲ್ಲಿ "ಅರಮನೆಯನ್ನು ಹೆದರಿಸಲು" ಎಂದು ಬರೆಯಬೇಕೆಂದು ಲುವಾನ್ ಹೇಳಿ ಕಳಿಸಿದ್ದ. ಫುಶೆಂಗ್ ಬರೆದದ್ದು: "ತನ್ನ ಕಿವಿಯನ್ನು ಪರೀಕ್ಷಿಸಲು." ತಲೆ ಉಳಿಯಲು ಆ ಮಾತು ಸಾಕಾದೀತೆಂದು ಅವನು ನಂಬಿದ್ದನೋ ಇಲ್ಲವೋ, ಬೇರೇನೂ ಮಾಡುವುದು ಅವನ ಕೈಯಲ್ಲಿರಲಿಲ್ಲ. ಇಡೀ ಅರಮನೆ ಒಂದು ಸದ್ದಿಗೆ ಹೆದರಿ ಬಾಗಿಲು ಹಾಕಿಕೊಂಡಿತ್ತು. ಒಬ್ಬ ಮಾತ್ರ ಅದೇ ಸದ್ದನ್ನು ದೇವರನ್ನು ಬೇಡಿದ ಹಾಗೆ ಬೇಡಿಕೊಂಡಿದ್ದ. ಅಪರಾಧಿ ಎಂದು ಹಗ್ಗ ಬಿದ್ದದ್ದು ಅವನಿಗೆ.

ಕತ್ತಲಾಗುವಾಗ ಬಾಯಾರ್ ಬಂದೀಖಾನೆಗೆ ಬಿಸಿ ನೂಡಲ್ಸ್ ತೆಗೆದುಕೊಂಡು ಹೋದ. ಕರೆದ. ಬೈದ. ಆಮೇಲೆ ನೆನಪಾಗಿ ಬಟ್ಟಲನ್ನು ಸದ್ದಾಗದಂತೆ ನೆಲಕ್ಕಿಟ್ಟ. ಜ್ವರದ ನಂತರ ಒಂದು ಗಳಿಗೆಯೂ ಯಾರ ತುಟಿಯಿಂದಲೂ ಕಣ್ಣು ತೆಗೆಯದೆ ಬದುಕಿದ್ದ ನದಾಂಜು, ಬಾಗಿಲಿಗೆ ಬೆನ್ನು ಮಾಡಿ, ಅರಮನೆಗೆಲ್ಲ ಬೆನ್ನು ಮಾಡಿ, ಕಣ್ಣು ಮುಚ್ಚಿಕೊಂಡು ಹಾಯಾಗಿ ಮಲಗಿದ್ದ.